ಏಳನೆಯ ಕಂತಿನ ಕಳ್ಳ

ನನ್ನಪ್ಪ ಯಾರ ಹೊಲದ ಒಂದು ಮೆಕ್ಕೆತೆನೆಯನ್ನೂ ಕೇಳದೆ ಮುರಿದವನಲ್ಲ. ಆದರೂ ಅವನು ಕಳ್ಳನಲ್ಲ ಎಂದು ಸರಕಾರಿ ಕಾಗದದಲ್ಲಿ ಬರೆಸಲು ನಾನು ಆರು ದಿನ ಗೋಕಾಕ, ಹುಕ್ಕೇರಿ, ಮೂಡಲಗಿ ಎಂದು ತಿರುಗಬೇಕಾಯಿತು. ಘಟಪ್ರಭಾದ ಒಂದು ಆಸ್ಪತ್ರೆಯಲ್ಲಿ ನಾನು ನರ್ಸ್. ವರ್ಷವಿಡೀ ಕೇಳದಷ್ಟು ರಜೆಯನ್ನು ಆ ಒಂದೇ ವಾರದಲ್ಲಿ ಕೇಳಿ ಎಲ್ಲರ ಮುಖ ಕೆಡಿಸಿದೆ. "ಏನ್ ಕಾರಣ ಸಿಸ್ಟರ್?" ಎಂದು ಕೇಳಿದರೆ ಏನು ಹೇಳಲಿ? ಮೂವತ್ತೈದು ವರ್ಷದ ಹಿಂದಿನ ಟಿವಿ ಧಾರಾವಾಹಿ ಹುಡುಕಬೇಕು ಎಂದರೆ ರಜೆಯನ್ನು ಯಾರು ಕೊಡುತ್ತಾರೆ? ಹೊಟ್ಟೆನೋವು ಎಂದು ಬರೆದುಕೊಟ್ಟೆ.

ನಮ್ಮೂರು ಮೇಲವಂಕಿ. ನಮ್ಮ ಕೇರಿಯಲ್ಲಿ ಯಲ್ಲಾರಿ ಎಂಬ ಹೆಸರಿನವರು ನಾಲ್ಕು ಜನ. ಬರೀ ಯಲ್ಲಾರಿ ಎಂದರೆ ಯಾರಿಗೂ ತಿಳಿಯುವುದಿಲ್ಲ. ಹಾಗಾಗಿ ಒಬ್ಬ ಕುಂಟ ಯಲ್ಲಾರಿ, ಒಬ್ಬ ಬ್ಯಾಂಡ್ ಯಲ್ಲಾರಿ, ಒಬ್ಬ ಮುಂಬೈ ಯಲ್ಲಾರಿ. ನನ್ನಪ್ಪ ಕಳ್ಳ ಯಲ್ಲಾರಿ. ಕುಂಟನಿಗೆ ಕುಂಟ ಎಂದು ಕರೆದರೆ ಹೇಗೆ ಸಿಟ್ಟು ಬರುವುದಿಲ್ಲವೋ ಹಾಗೆ ಅಪ್ಪನಿಗೂ ಬರಬಾರದು ಎಂದು ಊರಿನ ತಿಳುವಳಿಕೆ. ಮದುವೆ ಕಾರ್ಡು ಹಂಚುವವರೂ ಕವರಿನ ಮೇಲೆ ಹಾಗೇ ಬರೆದು ನಗುತ್ತಾ ಕೈಗೆ ಕೊಡುತ್ತಾರೆ. ನಾವು ಬೇಡ ಎಂದು ಬಾಯಿ ಬಿಟ್ಟರೆ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡರು ಎನ್ನುತ್ತಾರೆ. ಅದಕ್ಕೇ ನಾವು ಬಾಯಿ ಬಿಟ್ಟಿರಲಿಲ್ಲ.

ಈ ಹೆಸರು ಬಂದದ್ದು ೧೯೯೦ರಲ್ಲಿ. ಆಗ ಟಿವಿಯಲ್ಲಿ 'ಎಂಟನೇ ಠಾಣೆ' ಎಂಬ ಪತ್ತೇದಾರಿ ಧಾರಾವಾಹಿ ಬರುತ್ತಿತ್ತು. ವಾರಕ್ಕೊಂದು ಅಪರಾಧ, ಅದನ್ನು ಪತ್ತೆ ಮಾಡುವ ಇನ್ಸ್‌ಪೆಕ್ಟರ್ ಜಯಸಿಂಹ. ಅದರ ಒಂದು ಕಂತನ್ನು ನಮ್ಮ ಕಡೆ ತೆಗೆದರು. ಸಾಹುಕಾರನ ಮನೆಯ ಬಂಗಾರ ಕಳವಾಗುತ್ತದೆ, ಆಳುಮಗನ ಮೇಲೆ ಅನುಮಾನ ಬರುತ್ತದೆ, ಕೊನೆಗೆ ಕದ್ದವನು ಸಾಹುಕಾರನ ಹೆಂಡತಿಯ ತಮ್ಮ ಎಂದು ಗೊತ್ತಾಗುತ್ತದೆ. ಆಳುಮಗನ ಪಾತ್ರಕ್ಕೆ ಹುಡುಗ ಬೇಕು ಎಂದು ಅವರು ನಮ್ಮೂರಿಗೆ ಬಂದಾಗ ಇಸ್ತ್ರಿ ಅಂಗಿ ಹಾಕಿಕೊಂಡ ಹತ್ತು ಹುಡುಗರು ಮುಂದೆ ನಿಂತಿದ್ದರಂತೆ. ನಿರ್ದೇಶಕ ಅವರನ್ನೆಲ್ಲ ದಾಟಿ ಹಿಂದೆ ನಿಂತಿದ್ದ ಅಪ್ಪನ ಕಡೆ ಬೆರಳು ಮಾಡಿದ. ಅನುಮಾನ ಪಡುವುದಕ್ಕೆ ನಮ್ಮ ಕೇರಿಯ ಮುಖವೇ ಬೇಕಾಗಿತ್ತೇ ಎಂದು ನನಗೆ ಈಗ ಮೈ ಉರಿಯುತ್ತದೆ. ಅಪ್ಪನಿಗೆ ಆಗ ಇಪ್ಪತ್ತಾರು ವರ್ಷ. ಅವನಿಗೆ ಅದು ಹೆಮ್ಮೆ.

ಬಂಧನದ ದೃಶ್ಯವನ್ನು ಧುಪದಾಳದ ಒಡ್ಡಿನ ಹತ್ತಿರ ತೆಗೆದರು. ಮೂರು ಟ್ರ್ಯಾಕ್ಟರ್ ತುಂಬ ಜನ ನೋಡಲು ಹೋಗಿದ್ದರು. ಅಪ್ಪನ ಕೈಗೆ ಬೇಡಿ ಹಾಕಿ, ಕುತ್ತಿಗೆ ಹಿಡಿದು ಜೀಪಿಗೆ ನೂಕಿದರು. ಐದು ವರ್ಷದ ನಾನು ಅವ್ವನ ಸೊಂಟದ ಮೇಲೆ ಕುಳಿತು ಹೋ ಎಂದು ಅತ್ತಿದ್ದೆ. ಬಿಡುಗಡೆಯ ದೃಶ್ಯವನ್ನು ಮೂರು ದಿನ ಬಿಟ್ಟು ಗೋಕಾಕದ ಒಂದು ಕೋಣೆಯೊಳಗೆ ತೆಗೆದರು. ಅದರಲ್ಲಿ ಇನ್ಸ್‌ಪೆಕ್ಟರ್ ಅಪ್ಪನ ಹೆಗಲ ಮೇಲೆ ಕೈಯಿಟ್ಟು, "ತಪ್ಪಾಯಿತು ತಮ್ಮಾ, ನಿನ್ನನ್ನು ಅನುಮಾನಿಸಬಾರದಿತ್ತು" ಎನ್ನುತ್ತಾನೆ. ಅಪ್ಪ ಈ ಮಾತನ್ನು ನನಗೆ ನೂರು ಸಲ ಹೇಳಿದ್ದಾನೆ. ಆದರೆ ಅದನ್ನು ನೋಡಲು ನಮ್ಮೂರಿನವರು ಒಬ್ಬರೂ ಇರಲಿಲ್ಲ. ಧಾರಾವಾಹಿ ಬಂದ ದಿನ ಇಡೀ ಊರು ಪಂಚಾಯಿತಿ ಟಿವಿಯ ಮುಂದೆ ಕುಳಿತಿತ್ತು. ಅಪ್ಪ ಜೀಪು ಹತ್ತಿದ, ಕರೆಂಟು ಹೋಯಿತು. ಮರುದಿನ ಮುಂಜಾನೆ ಬಂತು.

ಅಲ್ಲಿಗೆ ಕತೆ ಮುಗಿಯಿತು, ಹೆಸರು ಉಳಿಯಿತು. ಅಪ್ಪ ಮುಂದೆ ಪಂಚಾಯಿತಿಯಲ್ಲಿ ವಾಟರ್‌ಮನ್ ಆಗಿ ಇಪ್ಪತ್ತೆಂಟು ವರ್ಷ ಊರಿಗೆ ನೀರು ಬಿಟ್ಟ. "ಕಳ್ಳ ಯಲ್ಲಾರಿ ಇನ್ನೂ ನೀರ ಬಿಟ್ಟಿಲ್ಲೇನ?" ಎಂದೇ ಜನ ಕೇಳುತ್ತಿದ್ದರು.

ಇದರಿಂದ ನಷ್ಟವಾದದ್ದು ಈಗ. ನನ್ನ ಮಗಳು ಪೂನಮ್ ಪೊಲೀಸ್ ಕಾನ್ಸ್‌ಟೇಬಲ್ ಪರೀಕ್ಷೆ ಪಾಸಾದಳು. ಅವಳಪ್ಪ ತೀರಿಕೊಂಡಾಗಿನಿಂದ ನಾವು ಮೇಲವಂಕಿಯ ಮನೆಯಲ್ಲೇ ಇದ್ದೇವೆ. ಎರಡು ವರ್ಷ ಬೆಳಗಿನ ಐದು ಗಂಟೆಗೆ ಎದ್ದು ಕಾಲುವೆ ದಂಡೆಯ ಮೇಲೆ ಓಡಿದವಳು ಅವಳು. ಓಟ ಆಯಿತು, ಎತ್ತರ ಆಯಿತು, ಬರಹದ ಪರೀಕ್ಷೆ ಆಯಿತು. ಇನ್ನು ಉಳಿದದ್ದು ವೆರಿಫಿಕೇಶನ್ ಒಂದೇ. ಅಂದರೆ ಮನೆತನ ಹೇಗಿದೆ, ಯಾರ ಮೇಲಾದರೂ ಕೇಸು ಇದೆಯೇ ಎಂದು ಪೊಲೀಸರು ಊರಿಗೆ ಬಂದು ವಿಚಾರಿಸಿ ಬರೆಯುವ ವರದಿ. ಒಂದು ರವಿವಾರ ಹೆಡ್ ಕಾನ್ಸ್‌ಟೇಬಲ್ ಭೀಮರಾಯ ಎಂಬವರು ಬಂದರು. ನಾವು ಯಾರೂ ಮನೆಯಲ್ಲಿರಲಿಲ್ಲ. ಯಲ್ಲಾರಿಯ ಮನೆ ಯಾವುದು ಎಂದು ಅವರು ಚಹಾದ ಅಂಗಡಿಯಲ್ಲಿ ಕೇಳಿದರು. ಯಾವ ಯಲ್ಲಾರಿ ಎಂದು ಅಂಗಡಿಯವನು ಕೇಳಿದ. ಮೊಮ್ಮಗಳು ಪೊಲೀಸ್ ಆಗಿದ್ದಾಳಲ್ಲ ಎಂದರು. "ಹಾಂ, ಕಳ್ಳ ಯಲ್ಲಾರಿ. ಅಲ್ಲಿ ಉದ್ದವ್ವಾಯಿ ಕುಂತಾಳಲ್ರಿ, ಅದರ ಬಾಜೂ ಮನಿ," ಎಂದು ಅಂಗಡಿಯವನು ಕೈ ತೋರಿಸಿದ.

ಉದ್ದವ್ವಾಯಿಗೆ ಎಂಬತ್ತೆರಡು. ನನ್ನ ಬಾಣಂತನ ಮಾಡಿದವಳು. ಸುಳ್ಳು ಹೇಳುವ ಪೈಕಿ ಅಲ್ಲವೇ ಅಲ್ಲ, ಅದೇ ತೊಂದರೆಯಾಯಿತು. "ಅವನಿಗೆ ಕಳ್ಳ ಅಂತ ಯಾಕ ಅಂತಾರಬೇ?" ಎಂದು ಭೀಮರಾಯ ಕೇಳಿದ್ದಕ್ಕೆ, ಶೂಟಿಂಗ್ ಎಂದರೇನೆಂದು ಇವತ್ತಿಗೂ ತಿಳಿಯದ ಅವಳು ಕಂಡದ್ದನ್ನು ಕಂಡ ಹಾಗೆ ಹೇಳಿದಳು. "ಧುಪದಾಳದಾಗ ಪೊಲೀಸರು ಬೇಡಿ ಹಾಕಿ ಜೀಪಿನ್ಯಾಗ ಒಯ್ದರಪಾ. ನಾನ ಕಣ್ಣಾರೆ ನೋಡೇನಿ. ಬಂಗಾರದ್ದು ಏನೋ ಇತ್ತು."

ಅದನ್ನೇ ಭೀಮರಾಯ ಬರೆದುಕೊಂಡರು.

ಸೋಮವಾರ ನಾನು ಠಾಣೆಗೆ ಹೋದೆ. ಭೀಮರಾಯ ಕೆಟ್ಟ ಮನುಷ್ಯರೇನೂ ಅಲ್ಲ, ಕುರ್ಚಿ ಕೊಟ್ಟರು, ಚಹಾ ತರಿಸಿದರು. ನಾನು ಎಲ್ಲವನ್ನೂ ಹೇಳಿದೆ.

"ಅಕ್ಕಾರ, ನನಗ ತಿಳೀತರಿ. ಆದ್ರ ಊರಾಗ ನಾಲ್ಕ ಮಂದಿ ಹೇಳ್ಯಾರ. ಕೇಸಿಂದ ನಂಬರ ಕೊಡ್ರಿ, ಕೇಸ ಮುಗದೈತಿ ಅಂತ ಕೋರ್ಟಿಂದ ಕಾಗದ ತರಸೂಣು."

"ಕೇಸ ಇಲ್ಲರಿ ಸಾಹೇಬ್ರ. ಅದು ಶೂಟಿಂಗ್."

"ಕೇಸ ಇದ್ರ ಮುಗದೈತಿ ಅಂತ ಬರೀಬಹುದು. ಇಲ್ಲದ ಕೇಸ ಮುಗದೈತಿ ಅಂತ ಹೆಂಗ ಬರೀಲಿ?"

"ಹಂಗಾರ ಕೇಸ ಇಲ್ಲ ಅಂತ ಬರೀರಿ."

"ಒಯ್ದದ್ದು ಕಣ್ಣಾರೆ ನೋಡಿದವ್ರು ಅದಾರಲ್ರಿ. ಮೂವತ್ತೈದ ವರ್ಷದ ಹಿಂದಿನ ರೆಜಿಸ್ಟರ ನಮ್ಮ ಕಡೆ ಉಳದಿಲ್ಲ. ಆ ಧಾರಾವಾಹಿ ತೋರಸ್ರಿ, ನಾ ಅದನ್ನ ಹಚ್ಚಿ ಕಳಸ್ತೇನಿ. ಶನಿವಾರ ಎರಡ ಗಂಟೇಕ ಫೈಲ್ ಹೋಗತೈತಿ. ಆಮ್ಯಾಲ ನನ್ನ ಕೈಯಾಗ ಇಲ್ಲ."

ನಾನು ಅಲ್ಲೇ ಮೊಬೈಲ್ ತೆಗೆದು ಯೂಟ್ಯೂಬಿನಲ್ಲಿ ಹುಡುಕಿದೆ. 'ಎಂಟನೇ ಠಾಣೆ'ಯ ಒಂದನೆಯ, ಎರಡನೆಯ, ಹನ್ನೊಂದನೆಯ ಕಂತುಗಳಿದ್ದವು. ನಮ್ಮದು ಏಳನೆಯದು. ಧಾರಾವಾಹಿ ತೆಗೆದ ಕಂಪನಿ ಮುಚ್ಚಿ ಇಪ್ಪತ್ತು ವರ್ಷವಾಗಿತ್ತು. ಹನ್ನೊಂದನೆಯ ಕಂತಿನ ಕೆಳಗೆ ಯಾರೋ ಒಬ್ಬರು "ಹಳೆಯ ದಿನಗಳೇ ಚೆನ್ನ" ಎಂದು ಬರೆದಿದ್ದರು. ಮೊಬೈಲ್ ಎತ್ತಿ ಒಗೆಯಬೇಕು ಅನ್ನಿಸಿತು.

ಮಂಗಳವಾರ ಗೋಕಾಕಕ್ಕೆ ಹೋದೆ. ಶೂಟಿಂಗಿನ ಫೋಟೊ ತೆಗೆದವರು ಅಲ್ಲಿಯ ಪರಶುರಾಮ ಎಂಬ ಸ್ಟುಡಿಯೊದವರು ಎಂದು ಅಪ್ಪ ನೆನಪು ಮಾಡಿಕೊಂಡಿದ್ದ. ಅವರು ಮುದುಕರಾಗಿದ್ದಾರೆ. ನನ್ನನ್ನು ಗಂಟೆಗಟ್ಟಲೆ ಕೂರಿಸಿ, ನಿರ್ದೇಶಕ ತಮ್ಮ ಕೆಲಸವನ್ನು ಎಷ್ಟು ಹೊಗಳಿದ ಎಂದು ಹೇಳಿದರು. ಫೋಟೊ ಎಲ್ಲಿ ಎಂದರೆ, ನೆಗೆಟಿವ್‌ಗಳು ಹೊಳೆ ಬಂದಾಗ ಅಂಗಡಿಯೊಳಗೆ ನೀರು ಹೊಕ್ಕು ಹೋದವು ಎಂದರು. ಇದನ್ನು ಮೊದಲೇ ಹೇಳಿದ್ದರೆ ನನಗೆ ಎರಡು ತಾಸು ಉಳಿಯುತ್ತಿತ್ತು. ಏಳುವಾಗ ಮಾತ್ರ ಒಂದು ಉಪಕಾರ ಮಾಡಿದರು. "ಹುಕ್ಕೇರ್ಯಾಗ ಸೋಮಪ್ಪ ಮಾಸ್ತರ ಅಂತ ಅದಾರ. ಆಗ ಲಗ್ನಕ್ಕ ವಿಡಿಯೊ ಬಾಡಿಗಿ ಕೊಡತಿದ್ರು. ಆ ಧಾರಾವಾಹಿ ಎಲ್ಲಾ ರೆಕಾರ್ಡ್ ಮಾಡಿ ಇಟ್ಟಾರ."

ಬುಧವಾರ ಗೋಕಾಕದ ಕರದಂಟು ಕಟ್ಟಿಸಿಕೊಂಡು ಹುಕ್ಕೇರಿಗೆ ಹೋದೆ. ಮಾಸ್ತರರು ಲಗ್ನಕ್ಕೆ ಹೋಗಿದ್ದರು. ಅವರ ಹೆಂಡತಿ ಯಮನವ್ವನವರು ನೀರು ಕೊಟ್ಟರು, ರೊಟ್ಟಿ ಹಾಕಿದರು, ಅಟ್ಟದ ಮೇಲಿನ ಟ್ರಂಕನ್ನೂ ಬೆರಳು ಮಾಡಿ ತೋರಿಸಿದರು. "ಆದ್ರ ಅವರ ಟ್ರಂಕಿಗೆ ನಾ ಕೈ ಹಚ್ಚೂದಿಲ್ಲವಾ. ಒಮ್ಮೆ ಒರಸಾಕ ತಗದಿದ್ದೆ, ಎಂಟ ದಿನ ಮಾತಾಡಲಿಲ್ಲ." ಸಂಜೆ ಐದರವರೆಗೆ ಆ ಟ್ರಂಕನ್ನು ನೋಡುತ್ತಾ ಕುಳಿತು, ಬಸ್ಸು ಹಿಡಿದು ಬರಿಗೈಯಲ್ಲಿ ಬಂದೆ.

ಗುರುವಾರ ಮತ್ತೆ ಹೋದೆ. ಸೋಮಪ್ಪ ಮಾಸ್ತರರು ಹಣೆಗೆ ವಿಭೂತಿ ಹಚ್ಚಿಕೊಂಡು ಪೂಜೆ ಮುಗಿಸಿ ಬಂದರು. ಕರದಂಟು ನೋಡಿ "ನನಗ ಶುಗರ್ ಐತಿ ತಂಗಿ" ಎಂದು ಬದಿಗಿಟ್ಟರು. ಟ್ರಂಕು ಇಳಿಯಿತು. ನಲವತ್ತಮೂರು ಕ್ಯಾಸೆಟ್. ಚೀಟಿಗಳನ್ನೆಲ್ಲ ಗೆದ್ದಲು ತಿಂದಿತ್ತು. ಹಾಕಿ ನೋಡೋಣವೆಂದರೆ ಅವರ ವಿಸಿಆರ್ ಕೆಟ್ಟು ಹದಿನೈದು ವರ್ಷ. ಆದರೆ ಮಾಸ್ತರರು ಸೋಲಲಿಲ್ಲ. ಧಾರಾವಾಹಿಯ ಕ್ಯಾಸೆಟ್‌ಗಳ ಡಬ್ಬಿಗೆಲ್ಲ ಶಾಲೆಯ ಕೆಂಪು ಮಸಿಯಲ್ಲಿ ಚುಕ್ಕೆ ಇಟ್ಟಿದ್ದರಂತೆ. ಏಳನೆಯ ಕಂತಿಗೆ ಏಳು ಚುಕ್ಕೆ. ಬೂದುಗಾಜು ಹಿಡಿದು ಎಣಿಸಿ ಎಣಿಸಿ ಮಧ್ಯಾಹ್ನ ಎರಡಕ್ಕೆ ಅದನ್ನು ತೆಗೆದರು. ನಾನು ಕೈ ಚಾಚಿದೆ. ಅವರು ಕ್ಯಾಸೆಟ್ಟನ್ನು ಎದೆಗೆ ಒತ್ತಿಕೊಂಡರು.

"ಕೊಡೂದಿಲ್ಲ ತಂಗಿ. ಐದನೇದು ಒಬ್ಬಾಂವಗ ಕೊಟ್ಟಿದ್ದೆ, ಇನ್ನೂ ಬಂದಿಲ್ಲ. ನಾಳೆ ನಾನ ಬರತೇನಿ, ಎಲ್ಲಿ ಹೋಗೂದೈತಿ ಹೋಗೂಣು."

ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎನ್ನುವ ಹಾಗಾಯಿತು. ಅವರ ಕಾಲಿಗೆ ಬೀಳುವುದೊಂದು ಉಳಿದಿತ್ತು. ಬಿದ್ದಿದ್ದರೂ ಕೊಡುತ್ತಿರಲಿಲ್ಲ.

ಹಳೆಯ ಕ್ಯಾಸೆಟ್ಟನ್ನು ಪೆನ್‌ಡ್ರೈವಿಗೆ ಹಾಕಿಕೊಡುವವನು ನಮ್ಮ ಸುತ್ತಮುತ್ತ ಒಬ್ಬನೇ, ಮೂಡಲಗಿಯ ಬಾಳೇಶ. ಝರಾಕ್ಸ್ ಅಂಗಡಿಯ ಹುಡುಗ. ಶುಕ್ರವಾರ ಹುಕ್ಕೇರಿಯಿಂದ ಮೂಡಲಗಿಯವರೆಗೆ, ಎರಡು ಬಸ್ಸು ಬದಲಿಸಿ, ಮಾಸ್ತರರು ತೊಡೆಯ ಮೇಲೆ ಕೈಚೀಲ ಇಟ್ಟುಕೊಂಡು ನನ್ನ ಬಾಜೂ ಕುಳಿತು 'ಎಂಟನೇ ಠಾಣೆ'ಯ ಕತೆಗಳನ್ನು ಹೇಳುತ್ತಲೇ ಬಂದರು. ಒಂದನೆಯದು ಹೇಳಿದರು, ಎರಡನೆಯದು ಹೇಳಿದರು. ಬಾವಿಯ ಕೊಲೆ, ನಕಲಿ ನೋಟು, ಪೋಸ್ಟ್‌ಮ್ಯಾನ್ ಕಾಣೆಯಾದದ್ದು. ಆರನೆಯದು ಮುಗಿದ ಮೇಲೆ ಎಂಟನೆಯದಕ್ಕೆ ಹೋದರು.

"ಏಳನೇದರಾಗ ಕೊನೀಗೆ ಆ ಹುಡುಗನ್ನ ಬಿಡತಾರಲ್ರಿ ಸರ್?" ಎಂದೆ. "ಇನ್ಸ್‌ಪೆಕ್ಟರ್ ತಪ್ಪಾತು ಅಂತಾನಲ್ರಿ?"

"ಪತ್ತೇದಾರಿ ಕತಿ ಕೊನಿ ಹೇಳಬಾರದ ತಂಗಿ. ಮಜಾ ಹೋಗತೈತಿ."

"ನನಗ ಮಜಾ ಬ್ಯಾಡ್ರಿ. ನನ್ನ ಮಗಳ ನೌಕರಿ ಐತಿ."

ಅವರು ಕಿಟಕಿಯ ಕಡೆ ತಿರುಗಿ ನಕ್ಕರು. ಮಕ್ಕಳಿಗೆ ಉತ್ತರ ಹೇಳಿಕೊಡದ ಮಾಸ್ತರರ ನಗು. ಆ ಕ್ಷಣ ಅವರನ್ನು ಕಬ್ಬಿನ ಗದ್ದೆಯ ನಡುವೆ ಇಳಿಸಿ ಹೋಗಬೇಕು ಅನ್ನಿಸಿದ್ದು ಸುಳ್ಳಲ್ಲ.

ಬಾಳೇಶ ಕ್ಯಾಸೆಟ್ ಬಿಚ್ಚಿ ನೋಡಿ, "ಅಕ್ಕಾರ, ರೀಲಿಗೆ ಬೂಷ್ಟ ಹಿಡದೈತ್ರಿ. ಒರಸಿ ಒಣಗಿಸಿ ಹಾಕಬೇಕು. ನಾಳೆ ಮುಂಜಾನೆ ಬರ್ರಿ," ಎಂದ. ಮಾಸ್ತರರು ಕ್ಯಾಸೆಟ್ ಬಿಟ್ಟು ಹುಕ್ಕೇರಿಗೆ ಹೋಗಲು ಒಪ್ಪದೆ ಮೂಡಲಗಿಯಲ್ಲಿ ನೆಂಟರ ಮನೆಗೆ ಹೋಗಿ ಉಳಿದರು. ಶನಿವಾರ ನಾನು, ಅಪ್ಪ, ಪೂನಮ್ ಮೂವರೂ ಮುಂಜಾನೆ ಎಂಟಕ್ಕೇ ಅಂಗಡಿಯ ಮುಂದಿದ್ದೆವು. ಕೆಲಸ ಮುಗಿದಾಗ ಹನ್ನೆರಡೂವರೆ. ನೋಡುತ್ತ ಕೂರಲು ಸಮಯವಿರಲಿಲ್ಲ. ಪೆನ್‌ಡ್ರೈವನ್ನು ಸೆರಗಿಗೆ ಗಂಟು ಹಾಕಿಕೊಂಡು ಓಡಿ ಬಸ್ಸು ಹತ್ತಿದೆ.

ಅಪ್ಪ ಬಿಳಿ ಅಂಗಿ ಹಾಕಿದ್ದ. ಬಸ್ಸಿನಲ್ಲಿ ನಗುನಗುತ್ತ ಕುಳಿತಿದ್ದ. ವಾರವಿಡೀ ಸಿಡಿಮಿಡಿ ಎನ್ನುತ್ತಿದ್ದ ನನಗೆ ಅವನ ನಗು ನೋಡಿ ಇನ್ನಷ್ಟು ಸಿಟ್ಟು ಬಂತು. "ನಿನಗೇನ ನಗಿ ಬರಾಕತ್ತೈತಿ?" ಎಂದೆ. "ಮೂವತ್ತೈದ ವರ್ಷ ನಾ ಹೇಳಿದ್ದು ಒಬ್ರರ ನಂಬಿದ್ರೇನು?" ಎಂದ. "ಇವತ್ತ ಪೊಲೀಸರ ನೋಡ್ತಾರ."

ಠಾಣೆಯ ಕಂಪ್ಯೂಟರಿನಲ್ಲಿ ಭೀಮರಾಯ ಪೆನ್‌ಡ್ರೈವ್ ಹಾಕಿದರು. ಇನ್ನಿಬ್ಬರು ಪೊಲೀಸರೂ ಕುರ್ಚಿ ಎಳೆದುಕೊಂಡರು. ಬಣ್ಣ ಮಾಸಿದ ಚಿತ್ರ, ನಡುವೆ ನಡುವೆ ಗೆರೆ. ಅಪ್ಪ ಕಾಣಿಸಿದ. ಇಷ್ಟು ಸಣ್ಣ ಸೊಂಟದ, ಇಷ್ಟು ಹೆದರಿದ ಕಣ್ಣಿನ ಹುಡುಗ ನನ್ನಪ್ಪನೇ? ಪೂನಮ್ ಬಾಯಿಗೆ ಕೈ ಇಟ್ಟುಕೊಂಡಳು. ಧುಪದಾಳದ ನೀರು, ಬೇಡಿ, ಜೀಪು. ಊರು ನೋಡಿದ್ದು ಇಲ್ಲಿಯವರೆಗೆ. ಮುಂದೆ ಇನ್ಸ್‌ಪೆಕ್ಟರ್ ಜಯಸಿಂಹ ಸಿಗರೇಟು ಹಚ್ಚಿದ, ಯೋಚಿಸಿದ, ಸಾಹುಕಾರನ ಭಾವಮೈದುನನ ಚಪ್ಪಲಿಯನ್ನು ತಿರುಗಿಸಿ ನೋಡಿದ. ಭಾವಮೈದುನ ಒಪ್ಪಿಕೊಂಡ. ಬಂಗಾರ ಸಿಕ್ಕಿತು.

"ಈಗ ಬರತೈತ್ರಿ," ಎಂದ ಅಪ್ಪ. ಕುರ್ಚಿಯ ತುದಿಗೆ ಬಂದಿದ್ದ. "ಈಗ ನೋಡ್ರಿ ಸಾಹೇಬ್ರ."

ಇನ್ಸ್‌ಪೆಕ್ಟರ್ ಫೋನ್ ಎತ್ತಿದ. "ಹಲೋ. ಹಾಂ. ಆ ಹುಡುಗನನ್ನು ಬಿಟ್ಟುಬಿಡಿ," ಎಂದ. ಫೋನ್ ಇಟ್ಟ. ಸಾಹುಕಾರನ ಹೆಂಡತಿ ಬಂಗಾರ ಹಾಕಿಕೊಂಡು ಅವನಿಗೆ ಚಹಾ ಕೊಟ್ಟಳು. ಎಲ್ಲರೂ ನಕ್ಕರು. ಸಂಗೀತ ಬಂತು.

ಅಪ್ಪ ಪರದೆಯನ್ನೇ ನೋಡುತ್ತಿದ್ದ. "ಇನ್ನ ಐತ್ರಿ. ಕೋಣಿದು ಐತಿ," ಎಂದ. ಆದರೆ ಹೆಸರುಗಳು ಮೇಲೇರಲು ಶುರುವಾಗಿದ್ದವು. ಆ ಕೋಣೆಯ ದೃಶ್ಯವನ್ನು ಅವರು ಕತ್ತರಿಸಿ ಹಾಕಿದ್ದರು. ಕರೆಂಟು ಹೋಗದಿದ್ದರೂ ಊರಿಗೆ ಅದು ಕಾಣುತ್ತಿರಲಿಲ್ಲ.

"ನಿಲ್ಲು ನಿಲ್ಲು," ಎಂದು ಭೀಮರಾಯ ಒಮ್ಮೆಲೇ ಮೌಸ್ ಒತ್ತಿದರು. ಹೆಸರುಗಳ ಸಾಲಿನಲ್ಲಿ ಕೆಳಗಿನಿಂದ ಮೂರನೆಯದು: ಕಳ್ಳ – ಯಲ್ಲಾರಿ, ಮೇಲವಂಕಿ. "ಭೇಷ್ ಆತ ನೋಡ್ರಿ ಅಕ್ಕಾರ. ಹೆಸರು ಊರು ಎರಡೂ ಐತಿ. ಇದಕ್ಕಿಂತ ಪುರಾವೆ ಬೇಕಾ?" ಅವರು ನಿಜವಾಗಿಯೂ ಖುಷಿಯಾಗಿದ್ದರು. ಆ ಸಾಲನ್ನು ಪ್ರಿಂಟ್ ತೆಗೆದರು. ಜೊತೆಗೆ ಅಪ್ಪನ ಜಬಾಬು, ಅಂದರೆ ಹೇಳಿಕೆ, ಬೇಕು ಎಂದು ನಾಲ್ಕು ಸಾಲು ಬರೆದು ಓದಿದರು. "ನಾನು ಯಲ್ಲಾರಿ, ವಾಸ ಮೇಲವಂಕಿ, ೧೯೯೦ರಲ್ಲಿ ಟಿವಿ ಧಾರಾವಾಹಿಯಲ್ಲಿ ಕಳ್ಳನ ಪಾತ್ರ ಮಾಡಿದ್ದು ನಿಜ. ಅದರಿಂದ ನನಗೆ ಈ ಅಡ್ಡಹೆಸರು ಬಂದಿರುತ್ತದೆ."

"ನಾ ಕಳ್ಳನ ಪಾತ್ರ ಮಾಡಿಲ್ಲರಿ," ಎಂದ ಅಪ್ಪ.

"ಅಲ್ಲೆ ಬರದೈತಲ್ರಿ ಕಾಕಾ."

"ಅವರು ತಪ್ಪ ಬರದಾರ. ಕದ್ದಾಂವ ಆ ಭಾವಮೈದುನ. ನೀವ ಈಗ ನೋಡಿದ್ರಿ. ನಾ ಕದೀಲಾರದಾವನ ಪಾತ್ರ ಮಾಡೇನಿ."

"ಅನುಮಾನ ಬಂದಾಂವ ಅಂತ ಬರೀರಿ ಸಾಹೇಬ್ರ," ಎಂದೆ ನಾನು.

ಭೀಮರಾಯ ಗಡಿಯಾರ ನೋಡಿದರು. ಎರಡಕ್ಕೆ ಹತ್ತು ನಿಮಿಷವಿತ್ತು. "ಪುರಾವೆದಾಗ ಒಂದು, ಜಬಾಬಿನ್ಯಾಗ ಒಂದು ಇದ್ರ ಮ್ಯಾಲಿಂದ ಫೈಲ್ ವಾಪಸ್ ಬರತೈತ್ರಿ. ಮತ್ತ ತಿಂಗಳಗಟ್ಟಲೆ ಆಗತೈತಿ. ಅಲ್ಲಿತನಕ ಟ್ರೇನಿಂಗ್ ಶುರು ಆಗಿರತೈತಿ. ಒಂದ ಶಬ್ದ ಐತಿ ಕಾಕಾ, ಒಂದ ಸಹಿ ಮಾಡ್ರಿ."

ಅಪ್ಪ ಪೆನ್ನು ಮುಟ್ಟಲಿಲ್ಲ. ಎರಡೂ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತ. ಅವನ ಹಟ ನನಗೆ ಗೊತ್ತು. ಆರು ದಿನದ ಬಸ್ಸು, ಧೂಳು, ಸುಳ್ಳು ರಜೆ, ಟ್ರಂಕು, ಮಾಸ್ತರರ ನಗು ಎಲ್ಲವೂ ನನ್ನ ತಲೆಗೆ ಏರಿತು.

"ಅಪ್ಪಾ, ಸಹಿ ಮಾಡ," ಎಂದೆ. ಠಾಣೆಯಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ. "ಊರ ಮಂದಿ ದಿನಾ ಅಂತಾರ, ಕೇಳಸ್ಕೊಂಡ ಸುಮ್ನ ಇರ್ತಿ. ಇಲ್ಲಿ ನಿನ್ನ ಮೊಮ್ಮಗಳ ನೌಕರಿ ಐತಿ. ಇಲ್ಲೆ ಯಾಕ ಹಟ ಹಿಡೀತಿ?"

"ಅವರು ಅಂದದ್ದು ಅವರ ಬಾಯಾಗ ಐತಿ ಭಾಗ್ಯಾ," ಎಂದ ಅಪ್ಪ ಮೆಲ್ಲಗೆ. "ನಾ ಒಮ್ಮೆಯೂ ಹೂಂ ಅಂದಿಲ್ಲ."

"ಬ್ಯಾಡ ಬಿಡ ಅಜ್ಜಾ," ಎಂದಳು ಪೂನಮ್, ಕಣ್ಣು ತುಂಬಿಕೊಂಡು. ಅಪ್ಪ ಅವಳ ಮುಖ ನೋಡಿದ. ಬಹಳ ಹೊತ್ತೇನೂ ನೋಡಲಿಲ್ಲ. ಪೆನ್ನು ತೆಗೆದುಕೊಂಡು, ವಾಟರ್‌ಮನ್ ಪಗಾರಕ್ಕೆ ಹಾಕುತ್ತಿದ್ದ ಹಾಗೆ, ಒಂದೊಂದೇ ಅಕ್ಷರ ಬರೆದು ಸಹಿ ಮಾಡಿದ.

ಫೈಲ್ ಎರಡು ಗಂಟೆಗೆ ಹೋಯಿತು. ಭೀಮರಾಯ ಪೂನಮ್‌ಗೆ ಶುಭ ಕೋರಿ ಮತ್ತೆ ಚಹಾ ತರಿಸಿದರು. ನನಗೆ ಗೆದ್ದೆ ಅನ್ನಿಸಬೇಕಿತ್ತು. ನಾಚಿಕೆಯಾಯಿತು. ಮೂವತ್ತೈದು ವರ್ಷ ಇಡೀ ಊರು ಸೇರಿ ಅಪ್ಪನ ಬಾಯಿಂದ ಒಪ್ಪಿಸಲಾರದ್ದನ್ನು ನಾನು ಹತ್ತು ನಿಮಿಷದಲ್ಲಿ ಪೊಲೀಸ್ ಠಾಣೆಯಲ್ಲಿ ಕೂರಿಸಿ ಒಪ್ಪಿಸಿದ್ದೆ.

ಹೊರಗೆ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಮೂವರೂ ಕುಳಿತೆವು. ನಾನು ಅಪ್ಪನ ಕಡೆ ನೋಡಲಾರದೆ ಬಸ್ಸುಗಳ ಬೋರ್ಡು ಓದುತ್ತಿದ್ದೆ. ಅವನು ಪೂನಮ್‌ಳನ್ನು ಹತ್ತಿರ ಕರೆದ.

"ನಾಳೆ ನೀನೂ ಯಾರನ್ನರ ಹಿಡೀತಿ," ಎಂದ. "ಹಿಡೀಬ್ಯಾಡ ಅನ್ನೂದಿಲ್ಲವಾ, ಅದು ನಿನ್ನ ಕೆಲಸ. ಆದ್ರ ಅಂವಾ ಅಲ್ಲ ಅಂತ ಗೊತ್ತಾದ್ರ, ಫೋನ್‌ನ್ಯಾಗ ಬಿಡ್ರಿ ಅಂತ ಹೇಳಿ ಕುಂದರಬ್ಯಾಡ. ಎಲ್ಲಿಂದ ಒಯ್ದಿದ್ದಿ ಅಲ್ಲಿಗೇ ಕರ್ಕೊಂಡ ಬಂದ, ಮಂದಿ ಮುಂದ ಬಿಡು."